ಅರವತ್ತೆರಡು ಮನೆ, ಒಂದು ಚೀಲ

ಮಾರ್ಚ್ 4, ಬೆಳಿಗ್ಗೆ 7.10

ಅಂಚೆಯಣ್ಣ ಬಾಗಿಲಲ್ಲೇ ನಿಂತು ಕಟ್ಟು ಕೊಟ್ಟು ಹೋದರು. ಒಳಗೆ ಬನ್ನಿ ಅಂದರೆ, "ಒಳಗೆ ಬಂದ್ರೆ ಕೂರಬೇಕು, ಕೂತ್ರೆ ಮಾತಾಡಬೇಕು, ಬೇಡ ಮೇಡಂ." ನಲವತ್ತು ವರ್ಷ ಹೊಸ್ತಿಲಾಚೆ ನಿಂತು ಕಾಗದ ಹಂಚಿದವರು. ನಿವೃತ್ತರಾಗಿ ಆರು ವರ್ಷವಾದರೂ ಕಾಲು ಒಳಗೆ ಬರುವುದಿಲ್ಲ.

ನಮ್ಮ ನೆರೆ ತಯಾರಿ ಸರ್ವೆಯದು, ಕೆಳಬೀದಿಯ ಅರವತ್ತೆರಡು ಫಾರಂ. ಮನೆ ನಂಬರಿನ ಕ್ರಮದಲ್ಲಿ. ಒಂದು ರಬ್ಬರ್ ಬ್ಯಾಂಡ್, ಅದಕ್ಕೆ ಕಾವಲಾಗಿ ಇನ್ನೊಂದು. ಉಳಿದ ಹದಿಮೂರು ಬೀದಿಗಳಿಗೆ ಕಾಲೇಜಿನ ಹುಡುಗರು ಹೋಗಿದ್ದರು, ಅರ್ಧ ಫಾರಂಗಳ ಮೇಲೆ ಟೀ ಕಲೆ. ಕೆಳಬೀದಿ ಅಂಚೆಯಣ್ಣನ ಹಳೆಯ ಬೀಟ್. ಅವರಿಗಾದರೆ ಜನ ಬಾಗಿಲು ತೆರೆಯುತ್ತಾರೆ ಅಂತ ನಾನೇ ಕೇಳಿಕೊಂಡಿದ್ದು. ಅದು ನನ್ನ ಜಾಣತನ ಅಂತ ಆಗಾಗ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಇನ್ನು ಕಂಪ್ಯೂಟರಿಗೆ ಎಂಟ್ರಿ ಮಾಡಬೇಕು. ಅತ್ತೆಯ ಬಿಪಿ ಮಾತ್ರೆ—ಮರೆಯಬಾರದು.

ಮಾರ್ಚ್ 4, ಸಂಜೆ 5.30

ಕೆಳಬೀದಿ: ನೂರಕ್ಕೆ 91.

ಎರಡು ಸಲ ಕೂಡಿದೆ. 91 ಸರಿ. ಅಂಕದಲ್ಲಿ ಅದರ ನಂತರದ ಬೀದಿಗೆ 47. ನದಿಯ ಪಕ್ಕದ ಹದಿನಾಲ್ಕು ತಗ್ಗು ಬೀದಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು ಇದೇ. ಮೇಲಿನ ಜಲಾಶಯದಿಂದ ಒಮ್ಮೆಲೇ ನೀರು ಬಿಟ್ಟರೆ ಇಲ್ಲಿಗೆ ಬರಲು ನಲವತ್ತು ನಿಮಿಷ ಸಾಕು. ಆದರೂ ಅರವತ್ತೆರಡು ಮನೆಗಳಲ್ಲಿ ಅರವತ್ತೆರಡರಲ್ಲೂ ತುರ್ತು ಚೀಲ ಸಿದ್ಧವಿದೆಯಂತೆ! ಟಾರ್ಚ್, ಸೀಟಿ, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಮಾತ್ರೆ, ಬಿಸ್ಕೆಟ್, ದಾಖಲೆಗಳ ಪ್ರತಿ. ಬರೀ ಹೌದು ಅಂದರೆ ಸಾಲದು, ಚೀಲ ಬಿಚ್ಚಿಸಿ ಫೋಟೋ ತೆಗೆಯಬೇಕು ಅಂತ ನಿಯಮ ಮಾಡಿದ್ದೆ. ಫೋಟೋಗಳೂ ಇವೆ.

ನಗರಸಭೆ ಈ ವರ್ಷ ಐದು ಬೀದಿಗೆ ಎಚ್ಚರಿಕೆ ಸೈರನ್ ಹಾಕಿಸುತ್ತದೆ. ಯಾರ ತಯಾರಿ ಕಡಿಮೆಯೋ ಅವರಿಗೆ ಮೊದಲು. ಕ್ರಮ ನಿರ್ಧರಿಸುವುದು ನಮ್ಮ ಅಂಕಪಟ್ಟಿ. ಈ ಲೆಕ್ಕದಲ್ಲಿ ಕೆಳಬೀದಿ ಹದಿನಾಲ್ಕನೆಯದು.

ಖುಷಿಪಡಬೇಕು. ಹತ್ತು ವರ್ಷದಿಂದ ಜನ ತಯಾರಿರಲಿ ಅಂತ ಬರೆದದ್ದೇ ಬರೆದದ್ದು. ಈಗ ತಯಾರಿದ್ದಾರೆ ಅಂದರೆ ನಂಬಲು ಯಾಕೆ ಕಷ್ಟವಾಗುತ್ತಿದೆ?

ಮಾರ್ಚ್ 6

ರಿಪೋರ್ಟಿನ ಮುಖಪುಟಕ್ಕೆ ಒಂದು ಚೆಂದದ ಫೋಟೋ ಬೇಕಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಳಬೀದಿಯ ಫೋಟೋಗಳನ್ನು ಒಂದೊಂದಾಗಿ ದಾಟಿಸುತ್ತಿದ್ದೆ. ಇವರು ಮೆಡಿಕಲ್ ಶಾಪ್ ಮುಚ್ಚಿ ಬಂದು ಹಿಂದೆ ನಿಂತು ನೋಡುತ್ತಿದ್ದರು.

"ನಿಲ್ಲಿಸು, ಹಿಂದಿನದಕ್ಕೆ ಹೋಗು... ಈ ಬೀದಿಯವರಿಗೆಲ್ಲ ಸೇರಿ ಒಂದೇ ತಲೆನೋವಾ?"

"ಯಾಕೆ?"

"ಮಾತ್ರೆ ನೋಡು. ಹತ್ತರ ಸ್ಟ್ರಿಪ್ಪು. ಮೂರನೇದು ಖಾಲಿ, ಏಳನೇದು ಖಾಲಿ. ಈ ಮನೆಯಲ್ಲೂ ಮೂರು, ಏಳು. ಇಲ್ಲೂ ಮೂರು, ಏಳು. ಜನ ತುದಿಯಿಂದ ಒತ್ತಿ ತೆಗೀತಾರೆ ಕಣೆ. ನಡುವಿಂದ ಹೆಕ್ಕಿ ನುಂಗೋರು ಊರಿಗೊಬ್ಬರು ಇರಬಹುದು. ಅರವತ್ತೆರಡು ಜನ ಇರಲ್ಲ."

ಅತ್ತೆ ಒಳಗಿನಿಂದ, "ಅದೇನು ನಗ್ತಿದೀರಿ?" ಅಂದರು. ನಾನು ನಗುತ್ತಿರಲಿಲ್ಲ.

ಮಾರ್ಚ್ 7

ರಜೆ ಹಾಕಿದೆ. ಅರವತ್ತೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.

ಟಾರ್ಚ್ ಹಳದಿ. ಗಾಜಿನಲ್ಲಿ ಸೀಳು, ಎಲ್ಲ ಮನೆಯಲ್ಲೂ ಅದೇ ಕಡೆ. ಐದನೇ ಮನೆಯಲ್ಲಿ ಫಾರಂ ಪ್ರಕಾರ ಒಬ್ಬ ಅಜ್ಜಿ ಮಾತ್ರ ಇರುವುದು. ಅವರ ಚೀಲದಲ್ಲಿ ದೊಡ್ಡ ಚೌಕಳಿಯ ಗಂಡಸರ ಅಂಗಿ. ಬಿಸ್ಕೆಟ್ ಪ್ಯಾಕೆಟ್ ಒಂದನೇ ಮನೆಯಿಂದ ನಲವತ್ತರವರೆಗೆ ಭದ್ರ. ನಲವತ್ತೊಂದರಲ್ಲಿ ಬಾಯಿ ಬಿಚ್ಚಿದೆ. ಐವತ್ತರ ಹೊತ್ತಿಗೆ ಅರ್ಧ. ಅರವತ್ತೆರಡರಲ್ಲಿ ಬರೀ ಕವರ್, ಒಳಗೆ ಗಾಳಿ ಊದಿ ಉಬ್ಬಿಸಿದ್ದಾರೆ.

ಒಂದೇ ಚೀಲ. ಮುಂಬಾಗಿಲಲ್ಲಿ ಅಂಚೆಯಣ್ಣ ಫಾರಂ ತುಂಬುತ್ತಿದ್ದಾಗ ಹಿತ್ತಲಿನಿಂದ ಮುಂದಿನ ಮನೆಗೆ ಹೋಗಿದೆ. ಎರಡು ದಿನ, ಅರವತ್ತೆರಡು ಮನೆ, ಒಂದು ಸಲವೂ ತಡವಾಗದೆ.

ಮಧ್ಯಾಹ್ನ ಅಂಚೆಯಣ್ಣನ ಮನೆಗೆ ಹೋದೆ. ಸೈಕಲ್ ಒರೆಸುತ್ತಿದ್ದರು.

"ನಿಮಗೆ ಗೊತ್ತಾಗಲಿಲ್ವಾ?"

"ಇಪ್ಪತ್ತನೇ ಮನೆಯಲ್ಲೇ ಗೊತ್ತಾಯ್ತು."

"ಮತ್ತೆ ಹೇಳಲಿಲ್ಲ ಯಾಕೆ?"

ಬಟ್ಟೆ ಮಡಿಸಿ ಸೀಟಿನ ಮೇಲಿಟ್ಟರು. "ಫಾರಂನಲ್ಲಿ ಏನು ಕೇಳಿದ್ರಿ ಮೇಡಂ? ಮನೆಯಲ್ಲಿ ಚೀಲ ಇದೆಯಾ ಅಂತ. ಇತ್ತು. ಬಿಚ್ಚಿ ತೋರಿಸಿದ್ರಾ ಅಂತ. ತೋರಿಸಿದ್ರು. ಯಾರ ಚೀಲ ಅಂತ ಕಾಲಂ ಎಲ್ಲಿತ್ತು? ಲಕೋಟೆ ಮೇಲೆ ಬರೆದ ಮನೆಗೆ ಮುಟ್ಟಿಸೋದು ನಮ್ಮ ಕೆಲಸ. ಒಳಗೇನಿದೆ ಅಂತ ಓದೋದಲ್ಲ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ವಾರ ಮೊದಲೇ ಮನೆಮನೆಗೆ ಚೀಟಿ ಕಳಿಸಿ ಇಂಥ ದಿನ ಬರುತ್ತೇವೆ ಅಂದದ್ದು ನಾನು. ಸೌಜನ್ಯ ಅಂದುಕೊಂಡಿದ್ದೆ. ನಂಬರಿನ ಕ್ರಮದಲ್ಲೇ ಹೋಗಿ ಅಂದವಳೂ ನಾನೇ. ಕಾಲೇಜಿನವರಿಗೆ ಮನೆಗಳನ್ನು ಚೀಟಿ ಎತ್ತಿ ಆರಿಸಿಕೊಟ್ಟಿದ್ದೆ. ಇವರಿಗೆ ಮಾತ್ರ, ವಯಸ್ಸಾದವರು, ಹಿಂದೆ ಮುಂದೆ ನಡೆಸುವುದು ಯಾಕೆ ಅಂತ...

ಮಾರ್ಚ್ 10

ನಮ್ಮ ಸಂಶೋಧನಾ ಸಂಸ್ಥೆಯ ಡೈರೆಕ್ಟರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕುರ್ಚಿಯಿಂದ ಎದ್ದೇಬಿಟ್ಟರು.

"ಬ್ಯೂಟಿಫುಲ್! ಅರವತ್ತೆರಡು ಮನೆ, ಒಂದು ಚೀಲ, ಒಬ್ಬರೂ ಬಾಯಿ ಬಿಡಲಿಲ್ಲ. ಇದಕ್ಕಿಂತ ದೊಡ್ಡ ಒಗ್ಗಟ್ಟು ಬೇಕಾ? ಚೀಲ ಅಷ್ಟು ಬೇಗ ಹೋಗುತ್ತೆ ಅಂದ್ರೆ ಎಚ್ಚರಿಕೆಯ ಸುದ್ದಿ ಇನ್ನೂ ಬೇಗ ಹೋಗುತ್ತೆ. ಅಂಕ ಹಾಗೇ ಇರಲಿ. ಇದನ್ನೇ ಇನ್ನೊಂದು ರಿಸರ್ಚ್ ಪೇಪರ್ ಮಾಡಿ."

ಬಸ್ಸಿನಲ್ಲಿ ಬರುತ್ತ ಆ ಪೇಪರಿನ ಮೊದಲ ಪ್ಯಾರಾ ಮನಸ್ಸಿನಲ್ಲೇ ಬರೆದೆ. ಇಂಗ್ಲಿಷಿನಲ್ಲಿ. ಚೆನ್ನಾಗಿಯೇ ಬಂತು. ಇಂಗ್ಲಿಷಿನಲ್ಲಿ ನನಗೆ ಎಲ್ಲವೂ ಚೆನ್ನಾಗಿ ಬರುತ್ತದೆ, ಅದೇ ಭಯ.

ಮಾರ್ಚ್ 17

ಒಂದು ವಾರ ಮುಂದೂಡಿ ಇವತ್ತು ಕೆಳಬೀದಿಗೆ ಹೋದೆ.

ಗೋಡೆಗೆ ಗೋಡೆ ತಾಗಿದ ಮನೆಗಳು. ಸೊಂಟದೆತ್ತರಕ್ಕೆ ಒಂದು ಕಂದು ಗೆರೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ. ಹನ್ನೊಂದು ವರ್ಷದ ಹಿಂದೆ ನೀರು ನಿಂತ ಗುರುತು. ಎಷ್ಟು ಬಣ್ಣ ಬಳಿದರೂ ಮತ್ತೆ ಮೂಡುತ್ತದಂತೆ. ಹಿಂಬದಿಯಲ್ಲಿ ಒಬ್ಬರು ಅಡ್ಡಡ್ಡ ನಡೆಯುವಷ್ಟು ಓಣಿ. ಚೀಲದ ಹೆದ್ದಾರಿ ಅದೇ ಇರಬೇಕು.

ಇಪ್ಪತ್ತೇಳನೇ ಮನೆ ಟೈಲರಮ್ಮನದು. ಬೀದಿಯಲ್ಲಿ ಅವರಿಗೆ ಗೊತ್ತಿಲ್ಲದೆ ಅಂಗಿಯ ಗುಂಡಿಯೂ ಉದುರುವುದಿಲ್ಲ. ಹೊಲಿಗೆ ಮಷೀನಿನ ನಾಲ್ಕು ಕಾಲಿಗೂ ಎರಡೆರಡು ಇಟ್ಟಿಗೆ. ಹನ್ನೊಂದು ವರ್ಷದಿಂದ ಇಳಿಸಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು ಹೊಲಿಯುತ್ತಾರೆ. ನನ್ನ ಫಾರಂನಲ್ಲಿ ಇಟ್ಟಿಗೆಗೂ ಕಾಲಂ ಇಲ್ಲ.

"ಟೈಲರಮ್ಮ, ಆ ಚೀಲ ಯಾರದು?"

ಹೊಲಿಗೆ ನಿಲ್ಲಿಸಲಿಲ್ಲ. "ಯಾವ ಚೀಲ?"

"ಬಿಸ್ಕೆಟ್ ಖಾಲಿಯಾದ ಚೀಲ."

ಮಷೀನು ನಿಂತಿತು. ಒಂದು ಕ್ಷಣ ನನ್ನ ಮುಖ ನೋಡಿ ಜೋರಾಗಿ ನಕ್ಕರು. "ಆ ನಲವತ್ತೊಂದರೋಳು! ಕೈ ಮುಗಿದು ಹೇಳಿದ್ದೆ, ಮುಟ್ಟಬೇಡ್ವೇ ತಾಯಿ ಅಂತ. ಮೊಮ್ಮಗು ಅತ್ತಿತಂತೆ, ಒಂದು ಕೊಟ್ಟಳಂತೆ. ಅಲ್ಲಿಂದ ಮುಂದೆ ಯಾರಿಗೂ ಹಂಗೇ ಇಲ್ಲ."

"ಯಾಕೆ ಹೀಗೆ ಮಾಡಿದ್ರಿ?"

"ಮತ್ತಿನ್ನೇನು ಮಾಡಬೇಕಿತ್ತು? ಮಾರ್ಕ್ಸ್ ಕಮ್ಮಿ ಬಂದ ಬೀದಿನ ಎತ್ತಂಗಡಿ ಮಾಡ್ತಾರೆ ಅಂತ ಸುದ್ದಿ. ಇವರಿಗೆ ತಮ್ಮನ್ನ ತಾವು ನೋಡ್ಕೊಳ್ಳೋಕೆ ಬರಲ್ಲ, ಎತ್ತಿ ಊರಾಚೆ ಹಾಕಿ ಅಂತ. ಚೀಲ ಹೊಲಿಯೋದು ನನಗೆ ಕಷ್ಟವಲ್ಲ, ಅರವತ್ತೆರಡನ್ನೂ ಹೊಲೀತಿದ್ದೆ. ಒಳಗೆ ತುಂಬೋದು ಎಲ್ಲಿಂದ? ವಾರದಲ್ಲಿ ಬರ್ತೀವಿ ಅಂದ್ರಿ. ಒಂದು ತುಂಬಿಸಿದ್ವಿ."

"ಎತ್ತಂಗಡಿ ಇಲ್ಲ ಟೈಲರಮ್ಮ. ಉಲ್ಟಾ. ಮಾರ್ಕ್ಸ್ ಕಮ್ಮಿ ಬಂದವರಿಗೆ ಸೈರನ್."

ನಗು ಇಳಿಯಿತು. "ನಮಗೆ ಎಷ್ಟು ಬಂತು?"

"ತೊಂಬತ್ತೊಂದು. ಎಲ್ಲರಿಗಿಂತ ಮೇಲೆ."

"ಅಂದ್ರೆ ನಮಗೆ ಸೈರನ್ ಇಲ್ಲ."

"ಈಗಿನ ಪಟ್ಟಿಯಲ್ಲಿ ಇಲ್ಲ."

"ಇದನ್ನ ಆ ಚೀಟಿಯಲ್ಲೇ ಬರೆದಿದ್ರೆ ಆಗ್ತಿರಲಿಲ್ವಾ?"

"ಬರೆದರೆ ಎಲ್ಲರೂ ಏನೂ ಇಲ್ಲ ಅಂತಾರೆ ಅಂತ ಬರೀಲಿಲ್ಲ."

"ಓ. ನಾವು ಸುಳ್ಳು ಹೇಳ್ತೀವಿ ಅಂತ ನಿಮಗೆ ಮೊದಲೇ ಗೊತ್ತಿತ್ತು." ದಾರ ಹಲ್ಲಿನಲ್ಲಿ ಕಡಿದರು. "ಯಾವ ಕಡೆ ತಿರುಗಿ ಹೇಳ್ತೀವಿ ಅಂತ ಮಾತ್ರ ಗೊತ್ತಾಗಲಿಲ್ಲ."

 

ಮಾರ್ಚ್ 18

ಅತ್ತೆಗೆ ಎಲ್ಲ ಹೇಳಿದೆ. ಮೂವತ್ತೈದು ವರ್ಷ ಪ್ರೈಮರಿ ಟೀಚರಾಗಿದ್ದವರು. ಚೀಲದ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಮ್ಮ ಸ್ಕೂಲಲ್ಲಿ ಒಂದೇ ಗ್ಲೋಬ್ ಇತ್ತು. ಇನ್‌ಸ್ಪೆಕ್ಟರ್ ಬಂದ್ರೆ ಅವರಿಗಿಂತ ಮುಂದೆ ಅದು ಕ್ಲಾಸಿಂದ ಕ್ಲಾಸಿಗೆ ಓಡೋದು. ಏಳು ಕ್ಲಾಸಿಗೂ ಗ್ಲೋಬ್! ಅವರು ಹೋದ್ಮೇಲೆ ನಾವೆಲ್ಲ ಸ್ಟಾಫ್ ರೂಮಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು."

"ಆಮೇಲೆ?"

"ಆಮೇಲೇನು. ನಾನು ರಿಟೈರ್ ಆಗೋವರೆಗೂ ಆ ಒಂದೇ ಗ್ಲೋಬ್. ಬರೆದು ಕೇಳಿದಾಗೆಲ್ಲ, ನಿಮ್ಮಲ್ಲಿ ಏಳಿದೆಯಲ್ಲ ಅಂತ ಉತ್ತರ."

ಕಣ್ಣು ಒರೆಸಿಕೊಂಡು, "ನಮ್ಮ ಮನೇಲಿ ಇದೆಯೇನೇ, ಆ ಚೀಲ?"

ಇಲ್ಲ. ಟಾರ್ಚ್ ಎಲ್ಲಿದೆ ಅಂತಲೇ ಗೊತ್ತಿಲ್ಲ.

"ಸರಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಅಂದು ಪೇಪರ್ ಓದಲು ತೊಡಗಿದರು.

ಮಾರ್ಚ್ 26, ಸಂಜೆ 6

ಡೈರೆಕ್ಟರ್ ಹೇಳಿದ್ದು ನಿಜವಿರಬಹುದಲ್ಲ. ಚೀಲ ಹೋದ ದಾರಿಯಲ್ಲಿ ಸುದ್ದಿಯೂ ಹೋಗಬಹುದು. ಹೋಗುವುದಾದರೆ 91 ಪೂರ್ತಿ ಸುಳ್ಳಲ್ಲ. ನೋಡಿಯೇಬಿಡೋಣ ಅಂತ ಟೈಲರಮ್ಮನ ಒಪ್ಪಿಗೆ ಪಡೆದು, ದಿನ ಮಾತ್ರ ಅವರಿಗೂ ಹೇಳದೆ, ಇವತ್ತು ಒಂದು ಪರೀಕ್ಷೆ. ಯಾರನ್ನೂ ಹೆದರಿಸುವಂಥದ್ದಲ್ಲ. ಮಧ್ಯಾಹ್ನ ಮೂರಕ್ಕೆ ಒಂದನೇ ಮನೆಯವರಿಗೆ ಇಷ್ಟೇ ಹೇಳಿದ್ದು: "ಅಭ್ಯಾಸ ಇದೆ, ನಾಲ್ಕು ಗಂಟೆಗೆ ಮೇಲಿನ ಶಾಲೆಯ ಅಂಗಳಕ್ಕೆ ಬನ್ನಿ. ಪಕ್ಕದ ಮನೆಗೂ ಹೇಳಿ."

ನಾನು ಶಾಲೆಯ ಗೇಟಿನಲ್ಲಿ ವಾಚು ನೋಡುತ್ತ ನಿಂತೆ.

ನಾಲ್ಕಕ್ಕೆ ಬಂದವರು ಎಂಟು ಮನೆಯ ಹತ್ತೊಂಬತ್ತು ಜನ, ಒಂದು ನಾಯಿ. ನಾಲ್ಕೂಕಾಲು. ನಾಲ್ಕೂವರೆ. ಅಷ್ಟೇ. ನಾಯಿಯೂ ಹೊರಟುಹೋಯಿತು.

ಸುದ್ದಿ ಒಂಬತ್ತನೇ ಮನೆಯಲ್ಲಿ ನಿಂತಿದೆ.

ಮಾರ್ಚ್ 27

ಒಂಬತ್ತನೇ ಮನೆ ಗಡಿಯಾರ ರಿಪೇರಿಯವರದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡಿದರು. ಎಂಟರವರು ಬಂದು ಹೇಳಿದ್ದು ನಿಜ. ಮುಂದೆ ಯಾಕೆ ಹೇಳಲಿಲ್ಲ?

"ಅವರಿಗೆ ಯಾರು ಹೇಳಿದ್ದು ಅಂತ ಕೇಳಿದೆ. ಏಳರವರು ಅಂದ್ರು. ಏಳರವರಿಗೆ ಆರರವರು. ಕೈಯಲ್ಲಿ ಒಂದು ಕಾಗದ ಇಲ್ಲ, ಸೀಲಿಲ್ಲ. ನಾನು ಹತ್ತರವರಿಗೆ ಹೇಳಿ, ಅವರು ಅಂಗಡಿ ಮುಚ್ಚಿಕೊಂಡು ಹೋಗಿ, ಅಲ್ಲಿ ಏನೂ ಇರದಿದ್ರೆ? ನಾಳೆಯಿಂದ ಮುಖ ಎಲ್ಲಿಡೋದು? ಸುಳ್ಳು ಸುದ್ದಿ ಹಬ್ಬಿಸಿದವನು ಅಂತ ಆಗಲ್ವಾ?"

"ಚೀಲ ಮಾತ್ರ ಕೊಟ್ರಲ್ಲ ಹತ್ತರವರಿಗೆ."

"ಚೀಲ ಕೊಡದಿದ್ರೆ ಅವರ ಮರ್ಯಾದೆ ಹೋಗ್ತಿತ್ತು." ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. "ಇದರಲ್ಲಿ ನನ್ನದು ಹೋಗ್ತಿತ್ತು."

ಮನೆಗೆ ನಡೆದೇ ಬಂದೆ. ಅವರು ತಪ್ಪು ಹೇಳಲಿಲ್ಲ. ಚೀಲವನ್ನು ಓಡಿಸಿದ್ದೂ ಸುದ್ದಿಯನ್ನು ನಿಲ್ಲಿಸಿದ್ದೂ ಒಂದೇ ಭಯ. ಅದನ್ನು ಒಗ್ಗಟ್ಟು ಅಂತ ಬರೆಯಲು ನಾನು ಎಷ್ಟು ತಯಾರಾಗಿದ್ದೆ! ಇಂಥ ಬೀದಿಗೆ ಬೇಕಾದದ್ದು ಯಾರ ಮುಖವೂ ಇಲ್ಲದ ಒಂದು ಕೂಗು. ಕಂಬದ ಮೇಲಿನ ಸೈರನ್ನಿಗೆ ನಾಳೆ ಯಾರೂ, ಯಾಕೆ ಕೂಗಿದೆ ಅಂತ ಕೇಳುವುದಿಲ್ಲ.

ಮಳೆಗಾಲಕ್ಕೆ ಹತ್ತು ವಾರ.

ಏಪ್ರಿಲ್ 2

ಕೆಳಬೀದಿಯ ಅಂಕ ರದ್ದು ಮಾಡೋಣ ಅಂದೆ. ಡೈರೆಕ್ಟರ್ ತಾಳ್ಮೆಯಿಂದ ಕೇಳಿದರು. ಒಳ್ಳೆಯವರು, ಅದನ್ನು ಬರೆದಿಡಬೇಕು.

"ಒಂದು ಸಂಜೆಯ ಟೆಸ್ಟು ಡೇಟಾ ಅಲ್ಲ, ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಬೀದಿಯ ಅಂಕ ತಪ್ಪು ಅಂದ್ರೆ ನಗರಸಭೆ ಕಮಿಟಿಯವರು ಹದಿನಾಲ್ಕನ್ನೂ ಅನುಮಾನಿಸ್ತಾರೆ. ಪಟ್ಟಿ ತಿರಸ್ಕಾರ ಆದ್ರೆ ಈ ಮಳೆಗಾಲಕ್ಕೆ ಯಾರಿಗೂ ಸೈರನ್ ಇಲ್ಲ. ಐದು ಬೀದಿ ನಿಮ್ಮ ಒಂದು ಬೀದಿಗಾಗಿ ಕಾಯಬೇಕಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಹೇಳುವುದು ಅನುಕೂಲದ ಮಾತು ಅಂತ ಗೊತ್ತು. ಅನುಕೂಲದ ಮಾತೆಲ್ಲ ಸುಳ್ಳೇ ಆಗಬೇಕಿಲ್ಲವಲ್ಲ.

ಏಪ್ರಿಲ್ 9

ಏಳು ದಿನ ಬರೆದಿಲ್ಲ. ಉಳಿದ ಹದಿಮೂರು ಬೀದಿಗಳ ಫೋಟೋ ನೋಡುತ್ತಿದ್ದೆ. ಎಲ್ಲವನ್ನೂ. ಚೀಲ ಇದೆ ಅಂದ ಮನೆಗಳೇ ಕಡಿಮೆ, ಇನ್ನೂರ ಹದಿನೆಂಟು. ಒಂದೊಂದರ ಟಾರ್ಚ್, ಬಟ್ಟೆ, ಬಾಟಲಿ ಹೋಲಿಸಿದೆ. ಮಾತ್ರೆ ಇವರ ಪಾಲಿಗೆ. ಅಂಗಡಿಯಿಂದ ಬಂದು ಕನ್ನಡಕ ಒರೆಸಿಕೊಂಡು ಕೂರುತ್ತಿದ್ದರು. "ನನ್ನ ಜೀವಮಾನದಲ್ಲಿ ಇಷ್ಟು ಜನರ ಜ್ವರ ನೋಡಿರಲಿಲ್ಲ."

ಎರಡು ಮನೆಯಲ್ಲಿ ಒಂದೇ ವಸ್ತು ಎಲ್ಲೂ ಇಲ್ಲ. ಹದಿಮೂರು ಬೀದಿಯ ಅಂಕ ನಿಲ್ಲುತ್ತದೆ. ತಪ್ಪು ಕೆಳಬೀದಿಯದು ಮಾತ್ರ.

ಈಗ ಉತ್ತರವಿದೆ.

ಏಪ್ರಿಲ್ 10

ಡೈರೆಕ್ಟರ್: "ಹಾಗಾದ್ರೆ ಬೀದಿಯವರೇ ಬರೆದುಕೊಡಲಿ. ನಮ್ಮ ಮನೆಯಲ್ಲಿ ಚೀಲ ಇರಲಿಲ್ಲ, ತೋರಿಸಿದ್ದು ನಮ್ಮದಲ್ಲ ಅಂತ. ಸಹಿ ಇದ್ರೆ ಪಟ್ಟಿ ಬದಲಿಸೋಣ." ಕೊಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತೇನೋ.

ಸಂಜೆ ಕೆಳಬೀದಿಯಲ್ಲಿ ಸಭೆ. ಟೈಲರಮ್ಮನ ಮನೆಯ ಮುಂದೆ ಮೂವತ್ತು ನಲವತ್ತು ಜನ. ವಿಷಯ ಹೇಳಿದೆ. ಗ್ಲೋಬಿನ ಕಥೆಯನ್ನೂ ಹೇಳಿದೆ. ನಕ್ಕರು. ಕಾಗದ ತೆಗೆದೆ. ನಗು ನಿಂತಿತು.

ಗಡಿಯಾರದವರೇ ಮೊದಲು ಮಾತಾಡಿದ್ದು. "ಬಡವರು ಅನ್ನಿ, ಹೌದು ಅಂತೀವಿ. ಸುಳ್ಳುಗಾರರು ಅಂತ ನಾವೇ ಬರೆದು ಸಹಿ ಹಾಕಿ ಕೊಡಬೇಕಾ?"

ನಲವತ್ತೊಂದರವರು: "ನನ್ನ ಹೆಸರಿನ ಪಕ್ಕ ಬಿಸ್ಕೆಟ್ ಅಂತ ಬೇರೆ ಬರೀತಾರಾ?" ಒಂದಿಬ್ಬರು ನಕ್ಕರು. ಅವರು ನಗಿಸಲು ಹೇಳಿದ್ದಲ್ಲ.

ಟೈಲರಮ್ಮನ ಕಡೆ ನೋಡಿದೆ. ತಲೆ ಅಲ್ಲಾಡಿಸಿದರು. "ಬಲವಂತ ಬೇಡ ಮೇಡಂ. ನಾನೂ ಹಾಕಲ್ಲ."

ಖಾಲಿ ಕಾಗದ ಮಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಅವರ ಮೇಲೆ ಬೇಸರ ಬಂತು. ಇಳಿಯುವಷ್ಟರಲ್ಲಿ ನನ್ನ ಮೇಲೆ. ಕೇಳಿದ್ದಾದರೂ ಏನು? ನಿಮ್ಮ ಮಾನ ಒತ್ತೆ ಇಡಿ, ನನ್ನ ರಿಪೋರ್ಟ್ ಸರಿಮಾಡಿಕೊಳ್ಳುತ್ತೇನೆ ಅಂತ.

ಏಪ್ರಿಲ್ 13, ಬೆಳಿಗ್ಗೆ 6

ಡೈರೆಕ್ಟರಿಗೆ ಪತ್ರ ಬರೆದೆ. ಮೂರನೇ ಕರಡು ನಿಂತಿತು.

ದಿನ ಮೊದಲೇ ತಿಳಿಸಿದ್ದು ನಾನು. ಮನೆಗಳ ಕ್ರಮ ಬದಲಿಸದೆ ಬಿಟ್ಟದ್ದು ನಾನು. ಅಂಕದ ಪರಿಣಾಮ ಏನು ಅಂತ ಜನರಿಗೆ ಹೇಳದೆ ಮುಚ್ಚಿಟ್ಟದ್ದು ನಾನು. ಆದ್ದರಿಂದ ಕೆಳಬೀದಿಯ ಅಂಕವನ್ನು ನಂಬಲು ಬರುವುದಿಲ್ಲ. ಅದನ್ನು ಹಿಂದಕ್ಕೆ ಪಡೆಯುತ್ತೇನೆ. ಬೀದಿಯನ್ನು ಹೊಸದಾಗಿ ಅಳೆಯುವವರೆಗೆ ಅಂಕವಿಲ್ಲದ್ದು ಅಂತ ಪರಿಗಣಿಸಿ ಮೊದಲ ಐದರೊಳಗೆ ಇಡಬೇಕು. ತಪ್ಪು ನನ್ನ ವಿಧಾನದ್ದು.

ಜನರ ಸುದ್ದಿ ಒಂದು ಸಾಲೂ ಇಲ್ಲ. ಇದರಲ್ಲಿ ಸುಳ್ಳಿದೆಯೇ ಅಂತ ಹುಡುಕಿದೆ. ಇಲ್ಲ. ಪೂರ್ತಿ ನಿಜವಿದೆಯೇ? ಅದೂ ಇಲ್ಲ.

ಕೊನೆಯಲ್ಲಿ ಸಹಿ ಮಾಡುವಾಗ ಕೈ ತಡೆಯಿತು. ಐದು ನಿಮಿಷ. ಹದಿನೇಳು ವರ್ಷದ ಕೆಲಸದಲ್ಲಿ ಗಳಿಸಿದ ಹೆಸರು. ಯಾರೂ ಕೇಳಿರಲಿಲ್ಲ, ಕಮಿಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸುಮ್ಮನಿದ್ದರೆ ಪಟ್ಟಿ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಗಡಿಯಾರದವರು ಬಾಗಿಲಲ್ಲಿ ನಿಂತು ಯೋಚಿಸಿದ್ದು ಇಷ್ಟೇ ಹೊತ್ತು ಇರಬಹುದು.

ಸಹಿ ಮಾಡಿದೆ.

ಏಪ್ರಿಲ್ 15

ಡೈರೆಕ್ಟರ್ ಪತ್ರ ಓದಿ ಕನ್ನಡಕ ತೆಗೆದರು. "ಇದಾದ್ಮೇಲೆ ಸರ್ವೆಯ ಮುಂದಿನ ಹಂತ ನಿಮ್ಮ ಕೈಗೆ ಕೊಡೋಕೆ ನನಗೆ ಆಗಲ್ಲ."

"ಗೊತ್ತು ಸರ್."

"ಕೋಪ ಮಾಡ್ಕೊಂಡು ಹೇಳ್ತಿಲ್ಲ."

"ಅದೂ ಗೊತ್ತು."

ಪತ್ರವನ್ನು ರಿಪೋರ್ಟಿಗೆ ಸೇರಿಸುತ್ತಾರಂತೆ. ಅನುಬಂಧದಲ್ಲಿ, ಪುಟ ನೂರ ನಲವತ್ತು. ಅಲ್ಲಿಯವರೆಗೆ ಓದುವ ಕಮಿಟಿಯನ್ನು ನಾನಂತೂ ಕಂಡಿಲ್ಲ. ಹಿಂತಿರುಗಿ ಬಂದು, ಹತ್ತು ನಿಮಿಷ ಮಾತಾಡಲು ಅವಕಾಶ ಕೊಡಿ ಅಂತ ನಗರಸಭೆಗೆ ನೇರವಾಗಿ ಬರೆದೆ.

ಇವರಿಗೆ ಹೇಳಿದೆ. "ಸಂಬಳ ಇರುತ್ತೆ ತಾನೇ?" ಅಂದರು. ಇರುತ್ತದೆ. "ಮತ್ತೆ ಮುಖ ಯಾಕೆ ಹಾಗಿದೆ?" ಗೊತ್ತಿಲ್ಲ ಅಂದೆ. ಮಾತ್ರೆ ಕೊಡಲಾ ಅಂದರು—ಮೂರನೇದಾ, ಏಳನೇದಾ ಅಂತ.

ಏಪ್ರಿಲ್ 18

ನಗರಸಭೆಯಿಂದ ಉತ್ತರ. 21ಕ್ಕೆ, ಹನ್ನೊಂದು ಗಂಟೆಗೆ ಬಂದು ಹೊರಗೆ ಕಾಯುವುದು. ಅಗತ್ಯವೆನಿಸಿದರೆ ಕರೆಯಲಾಗುವುದು.

ಅಗತ್ಯವೆನಿಸಿದರೆ.

ಅಂಚೆಯಣ್ಣನ ಕೈಗೆ ಪತ್ರದ ಒಂದು ಪ್ರತಿ ಕೊಟ್ಟು ಟೈಲರಮ್ಮನಿಗೆ ಕಳಿಸಿದೆ. ನಿಮ್ಮ ಹೆಸರು ಎಲ್ಲೂ ಇಲ್ಲ, ಓದಿ ನೋಡಿ, 21ಕ್ಕೆ ನಗರಸಭೆಗೆ ಹೋಗುತ್ತಿದ್ದೇನೆ ಅಂತ. "ಈ ಸಲ ಒಳಗೇನಿದೆ ಅಂತ ಓದಿದೆ ಮೇಡಂ," ಅಂದರು ಅಂಚೆಯಣ್ಣ. ಲಕೋಟೆ ಅಂಟಿಸಿರಲಿಲ್ಲ.  ಸೈಕಲ್ ಹತ್ತಿ ಹೋದರು.

ಏಪ್ರಿಲ್ 21, ಬೆಳಿಗ್ಗೆ 10.50

ನಗರಸಭೆಯ ಮೊದಲ ಮಹಡಿ. ಬೆಂಚು. ಫ್ಯಾನಿನ ಗಾಳಿ ಎದುರು ಬೆಂಚಿಗೆ ಮಾತ್ರ. ಡೈರೆಕ್ಟರ್ ಆಗಲೇ ಒಳಗೆ ಹೋದರು, ತಲೆಯಾಡಿಸಿ. ಹೇಳಬೇಕಾದದ್ದನ್ನು ಒಂದು ಪುಟಕ್ಕೆ ಇಳಿಸಿದ್ದೇನೆ. ಇನ್ನೂ ಉದ್ದವಾಯಿತೇನೋ.

11.20

ಟೈಲರಮ್ಮ ಬಂದರು! ಮೆಟ್ಟಿಲು ಹತ್ತಿ ಏದುಸಿರು. ಕೊರಳಲ್ಲಿ ಇನ್ನೂ ಅಳತೆ ಟೇಪು.

"ನೀವ್ಯಾಕೆ ಬಂದ್ರಿ? ಸಹಿ ಹಾಕಲ್ಲ ಅಂದಿದ್ರಲ್ಲ."

"ಈಗಲೂ ಹಾಕಲ್ಲ. ಬರೆದದ್ದು ಉಳಿಯುತ್ತೆ, ನಾಳೆ ಮೊಮ್ಮಕ್ಕಳು ಓದ್ತಾರೆ. ಬಾಯಲ್ಲಿ ಹೇಳಿ ಹೋಗ್ತೀನಿ."

"ಬೀದಿಯವರಿಗೆ ಗೊತ್ತಾ?"

"ಗುಂಡಿ ತರೋಕೆ ಹೋಗ್ತೀನಿ ಅಂತ ಹೇಳಿ ಬಂದಿದೀನಿ." ಪಕ್ಕದಲ್ಲಿ ಕೂತರು. "ನಿಮ್ಮ ಕಾಗದ ಓದಿದೆ. ಎಲ್ಲಾ ನಾನು, ನಾನು, ನಾನು ಅಂತ ಬರ್ಕೊಂಡಿದೀರಲ್ಲ. ಚೀಲ ತುಂಬಿಸಿದ್ದು ನೀವಾ? ನಾನು. ನನ್ನದನ್ನೂ ನೀವೇ ತಗೊಂಡ್ರೆ ಹೇಗೆ?"

ಸೆರಗು ಸರಿಮಾಡಿಕೊಂಡು ಮೆಲ್ಲಗೆ: "ಒಳಗೆ ನಿಂತು ಮಾತಾಡಬೇಕಾ, ಕೂತಾ?"

ಗೊತ್ತಿಲ್ಲ ಅಂದೆ. ಹದಿನೇಳು ವರ್ಷದ ಅನುಭವದಲ್ಲಿ ನನಗೂ ಗೊತ್ತಿಲ್ಲ.

11.45

ಗುಮಾಸ್ತರು ಬಾಗಿಲು ತೆರೆದರು. "ಕೆಳಬೀದಿ ವಿಷಯ. ಒಬ್ಬರು ಮಾತ್ರ." ನಾನು ಪುಟ ಎತ್ತಿಕೊಳ್ಳುವಷ್ಟರಲ್ಲಿ ಟೈಲರಮ್ಮ ಎದ್ದು ನಡೆದೇಬಿಟ್ಟಿದ್ದರು. ಟೇಪು ತೆಗೆದು ನನ್ನ ಮಡಿಲಿಗೆ ಹಾಕಿ.

ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇಳಿಸುತ್ತಿದೆ. ಕೇಳಿದಷ್ಟು ಬರೆದುಕೊಳ್ಳುತ್ತಿದ್ದೇನೆ.

ಅಧ್ಯಕ್ಷರು: "ಒಂದೇ ಚೀಲ ಅಂದ್ರೆ?"

"ಒಂದೇ ಸ್ವಾಮಿ. ಆ ಟಾರ್ಚಿನಲ್ಲಿ ಸೆಲ್ಲೂ ಇರಲಿಲ್ಲ."

ಯಾರೋ ನಕ್ಕರು. ಇನ್ನೂ ಇಬ್ಬರು.

"ನಗ್ರಿ. ನಾವೂ ನಕ್ಕಿದ್ವಿ. ನೀರು ಬರೋಕೆ ನಲವತ್ತು ನಿಮಿಷ ಅಂತಾರೆ. ಕತ್ತಲಲ್ಲಿ ಬಂದ್ರೆ ನಮಗೆ ಹೇಳೋರು ಯಾರು? ಒಬ್ಬರಿಗೊಬ್ಬರು ಹೇಳ್ಕೊಳ್ಳಲ್ಲ. ಪರೀಕ್ಷೆ ಮಾಡಿ ನೋಡಿದಾಯ್ತು. ಎಂಟು ಮನೆ ಬಂತು ಅಷ್ಟೇ. ನಾನು ಇಪ್ಪತ್ತೇಳನೇ ಮನೆ. ನನಗೆ ಬರಲಿಲ್ಲ."

ಈಗ ನಗುವಿಲ್ಲ. ಕಾಗದದ ಸದ್ದು.

ಡೈರೆಕ್ಟರ್ ದನಿ: "ಅನುಬಂಧದಲ್ಲಿ ಇದೆ ಸರ್."

"ಯಾವ ಪುಟ?"

"ನೂರ ನಲವತ್ತು."

ಪುಟ ತಿರುವುತ್ತಿದ್ದಾರೆ. ತುಂಬ ಹೊತ್ತು.

ಅಧ್ಯಕ್ಷರು: "ಪಟ್ಟಿ ಬದಿಗಿಡಿ. ಮೊದಲಿಂದ ನೋಡೋಣ." ಮತ್ತೆ: "ಈ ಸರ್ವೆ ಮಾಡಿಸಿದವರು ಯಾರು?"

 ಬಾಗಿಲ ಸಂದಿಯಲ್ಲಿ ಟೈಲರಮ್ಮ ಈ ಕಡೆ ತಿರುಗಿದ್ದು ಕಾಣುತ್ತಿದೆ, ಇನ್ನೂ ನಿಂತೇ ಇದ್ದಾರೆ. ಅವರಾಗಿ ಕರೆಯಲಿ ಅಂತ ಕಾಯುವುದು ಬೇಡ. ಎದ್ದು ಒಳಗೆ ಹೋಗಿ, ನಾನೇ ಅಂತ ಹೇಳಬೇಕು, ಈಗಲೇ—